ಗಾಳಿ ಬರುವ ದಿನವೇ ಇರಲಿ

ನಮ್ಮೂರಿನಲ್ಲಿ ದೀಪ ಹಚ್ಚುವ ಹೊತ್ತಿಗೆ ಗುಡ್ಡದ ಕಡೆಯಿಂದ ಗಾಳಿ ಬರುತ್ತದೆ. ಬೆಳಗಿನಿಂದ ಊರೊಳಗೆ ಯಾರು ಯಾರು ಏನೇನು ಮಾತಾಡಿದ್ದಾರೋ ಅದನ್ನೆಲ್ಲ ಅವರವರ ದನಿಯಲ್ಲೇ ಹೊತ್ತು ತಂದು ಮನೆಮನೆಗೂ ಕೇಳಿಸಿ ಹೋಗುತ್ತದೆ. ಪಿಸುಗುಟ್ಟಿದರೂ ಅಷ್ಟೇ, ಕೂಗಿದರೂ ಅಷ್ಟೇ. ಅತ್ತೆ ಒಲೆಯ ಮುಂದೆ ಗೊಣಗಿದ್ದು, ಸಾಹೇಬರು ಕಚೇರಿಯಲ್ಲಿ ಗುಮಾಸ್ತನನ್ನು ಬೈದದ್ದು, ಗಂಡ ಹೆಂಡತಿ ಕದ ಹಾಕಿಕೊಂಡು ಆಡಿದ್ದು, ಯಾವುದನ್ನೂ ಅದು ಬಿಡುವುದಿಲ್ಲ. ಹುಟ್ಟಿದಾಗಿನಿಂದ ಕೇಳುತ್ತ ಬಂದ ನಮಗೆ ಇದರಲ್ಲಿ ವಿಶೇಷವೇನೂ ಕಾಣುವುದಿಲ್ಲ. ಹೊಸದಾಗಿ ಮದುವೆಯಾಗಿ ಬಂದ ಸೊಸೆಯಂದಿರು ಮೊದಲ ವಾರ ಅಳುತ್ತಾರೆ, ಆಮೇಲೆ ರೂಢಿಯಾಗುತ್ತದೆ.

ಇದರ ಜೊತೆ ಬಾಳಲು ನಾವು ಕೆಲವು ರೀತಿ ರಿವಾಜು ಮಾಡಿಕೊಂಡಿದ್ದೇವೆ. ಗಾಳಿಯಲ್ಲಿ ಕೇಳಿದ್ದನ್ನು ಕೇಳಿದೆ ಎಂದು ಯಾರ ಮುಂದೆಯೂ ಹೇಳಬಾರದು. ಹೇಳಿದವನನ್ನು ಊರು ಮರ್ಯಾದೆಗೇಡಿ ಎನ್ನುತ್ತದೆ. ಪಕ್ಕದ ಮನೆಯ ಗುಟ್ಟು ಬರುತ್ತಿದೆ ಎನ್ನಿಸಿದರೆ ಹೆಂಗಸರು ಪಾತ್ರೆ ಸಪ್ಪಳ ಮಾಡುತ್ತಾರೆ, ನಾವು ಕೇಳುತ್ತಿಲ್ಲ ಎಂದು ತಿಳಿಸುವುದಕ್ಕೆ. ಡಾಕ್ಟರು, ವಕೀಲರು ಮೇಜಿನ ಮೇಲೆ ಒಂದು ಪಾಟಿ, ಬಳಪ ಇಟ್ಟಿರುತ್ತಾರೆ. ಗಂಡ ಹೆಂಡತಿ ಮನಸ್ಸು ಬಿಚ್ಚಿ ಮಾತಾಡಬೇಕೆಂದರೆ ಹಳ್ಳ ದಾಟಿ ಹೋಗುತ್ತಾರೆ. ಹಳ್ಳದ ಆಚೆ ಆಡಿದ ಮಾತು ಗಾಳಿಗೆ ಸಿಗುವುದಿಲ್ಲ. ಇನ್ನು ಅಮಾವಾಸ್ಯೆಯ ದಿನ ಗಾಳಿಯೇ ಬರುವುದಿಲ್ಲ. ಬೇರೆ ಊರಿನವರು ಒಳ್ಳೆಯ ಕೆಲಸಕ್ಕೆ ಅಮಾವಾಸ್ಯೆ ಬೇಡ ಎನ್ನುತ್ತಾರಂತೆ. ನಮ್ಮಲ್ಲಿ ಹೆಣ್ಣು ನೋಡುವುದಕ್ಕೆ, ಆಸ್ತಿ ಪಾಲು ಮಾಡುವುದಕ್ಕೆ, ಮೂಲವ್ಯಾಧಿ ತೋರಿಸುವುದಕ್ಕೆ ಎಲ್ಲರಿಗೂ ಅಮಾವಾಸ್ಯೆಯೇ ಬೇಕು.

ನನ್ನ ಹೆಸರು ಗುರುಸಿದ್ದಪ್ಪ. ಬೆಲ್ಲದ ಪೇಟೆಯಲ್ಲಿ ಸವಾಲು ಕೂಗುವವನು. ರೈತರು ತಂದ ಬೆಲ್ಲದ ಪೆಂಟೆಗಳನ್ನು, ಅಂದರೆ ದೊಡ್ಡ ಅಚ್ಚುಗಳನ್ನು, ರಾಶಿ ರಾಶಿಯಾಗಿ ಒಟ್ಟಿರುತ್ತಾರೆ. ನಾನು ಒಂದೊಂದು ರಾಶಿಯ ಮುಂದೆ ನಿಂತು ಕೂಗುತ್ತೇನೆ, ವ್ಯಾಪಾರಿಗಳು ದರ ಏರಿಸುತ್ತ ಹೋಗುತ್ತಾರೆ. ಇಷ್ಟು ವರ್ಷದಲ್ಲಿ ಒಂದು ದಿನವೂ ಮೈಕು ಹಿಡಿದವನಲ್ಲ. ಸಂಜೆಯ ಗಾಳಿಯಲ್ಲಿ ಎಲ್ಲರಿಗಿಂತ ಜೋರಾಗಿ ಕೇಳುವುದು ನನ್ನದೇ ದನಿ. ಓಣಿಯ ಮಕ್ಕಳು ಅದರ ಜೊತೆ ತಾವೂ ಕೂಗಿ ಆಡುತ್ತವೆ. ಬಯಲಲ್ಲಿ ನಿಂತು ಕೂಗುವವನಿಗೆ ಗುಟ್ಟು ಎಲ್ಲಿಂದ ಬರಬೇಕು? ನನಗೆ ಗುಟ್ಟು ಎಂಬುದು ಬಂದದ್ದು ಅರವತ್ತೆರಡನೇ ವಯಸ್ಸಿನಲ್ಲಿ.

ಮೂತ್ರಕ್ಕೆ ಹೋದರೆ ಬೇಗ ಮುಗಿಯುತ್ತಿಲ್ಲ ಎಂದು ಇನಾಮದಾರ ಡಾಕ್ಟರ ಹತ್ತಿರ ಹೋಗಿದ್ದೆ. ಅವರು ನಮ್ಮ ಮನೆಗೆ ಹಳೆಯ ವೈದ್ಯರು. ರಕ್ತ ಪರೀಕ್ಷೆ ಮಾಡಿಸಿದರು, ಸ್ಕ್ಯಾನ್ ಮಾಡಿಸಿದರು, ಆಮೇಲೆ ಚೂರು ತೆಗೆಸಿ ಬಯಾಪ್ಸಿಗೆ ಕಳಿಸಿದರು. ರಿಪೋರ್ಟು ಬಂದ ದಿನ ಕನ್ನಡಕ ಸರಿಮಾಡಿಕೊಂಡು ಪಾಟಿ ಎಳೆದುಕೊಂಡರು. 'ಪ್ರೊಸ್ಟೇಟ್ ಕ್ಯಾನ್ಸರ್. ಹೊರಗೆ ಹರಡಿಲ್ಲ' ಎಂದು ಬರೆದು ನನ್ನ ಕಡೆ ತಿರುಗಿಸಿದರು. ನಾನು ಬಳಪ ತೆಗೆದುಕೊಂಡು ಕೆಳಗೆ 'ಖರೇ?' ಎಂದು ಬರೆದೆ. ಅವರು ಅದರ ಕೆಳಗೆ 'ಖರೇ' ಎಂದು ಬರೆದರು. ಒದ್ದೆ ಬಟ್ಟೆಯಿಂದ ಒರೆಸಿ, 'ರೇಡಿಯೇಷನ್ ಕರೆಂಟು ಕೊಡಿಸಬಹುದು, ಆಪರೇಷನ್ನೂ ಮಾಡಿಸಬಹುದು. ನಿಮ್ಮ ಮೈಕಟ್ಟಿಗೆ ಆಪರೇಷನ್ ಚೊಲೋ. ತೆಗ್ಗಿಯವರನ್ನೂ ಬೆಣ್ಣೂರ ಡಾಕ್ಟರನ್ನೂ ಇಬ್ಬರನ್ನೂ ಕಂಡು ಬರ್ರಿ' ಎಂದು ಪಾಟಿಯ ತುಂಬ ಸಣ್ಣಕ್ಷರದಲ್ಲಿ ಬರೆದರು. ನಾನು ಎರಡೂ ಕೈ ಎತ್ತಿ ನಮಸ್ಕಾರ ಮಾಡಿ ಹೊರಗೆ ಬಂದೆ.

ಮರುದಿನ ಬೆಳಿಗ್ಗೆ ಹೆಂಡತಿ ಶಿವಲೀಲಾಳನ್ನು ಕರೆದುಕೊಂಡು ಹಳ್ಳ ದಾಟಿದೆ. ಯಾಕೆಂದು ಅವಳು ಕೇಳಲಿಲ್ಲ. ರೊಟ್ಟಿ ಕಟ್ಟಿಕೊಂಡು ಬಂದಳು, ಮಾತು ಉದ್ದವಿದೆ ಎಂದು ಗೊತ್ತಾಗಿರಬೇಕು. ಆಚೆ ದಂಡೆಯಲ್ಲಿ ಬೇವಿನ ಗಿಡಗಳ ಕೆಳಗೆ ಒಂದೊಂದು ಬಂಡೆಗೆ ಒಂದೊಂದು ಜೋಡಿ ಕೂತಿತ್ತು. ಒಂದು ಜೋಡಿ ಎಮ್ಮೆ ಮಾರುವ ವಿಷಯಕ್ಕೆ ಗಂಟಲು ಹರಿದುಕೊಳ್ಳುತ್ತಿತ್ತು. ನಾವು ಅವರಿಂದ ದೂರ ಒಂದು ಬಂಡೆ ಹಿಡಿದೆವು.

"ಹೇಳ್ರಿ, ಏನಾಗೈತಿ?" ಎಂದಳು.

"ಕ್ಯಾನ್ಸರ್ ಅಂತ."

ಅವಳು ಕಾಲ ಬುಡದ ಹುಲ್ಲು ಕೀಳತೊಡಗಿದಳು. ಕೀಳುತ್ತಲೇ, "ಎಲ್ಲಿ?" ಎಂದಳು.

"ಕೆಳಗ. ಪ್ರೊಸ್ಟೇಟ್ ಅಂತ ಗಂಡಸರಿಗಷ್ಟ ಒಂದು ಗ್ರಂಥಿ ಇರತೈತಂತ."

"ಲಗ್ನ ಆಗಿ ಇಷ್ಟು ವರ್ಷ ಆತು, ಅದೊಂದು ಐತಿ ಅಂತ ನನಗ ಹೇಳೇ ಇಲ್ಲಲ್ರಿ."

"ನನಗಾದ್ರೂ ಎಲ್ಲಿ ಗೊತ್ತಿತ್ತು?"

ಇಬ್ಬರಿಗೂ ನಗು ಬಂತು. ನಗುತ್ತ ನಗುತ್ತಲೇ ಅವಳು ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ನಾನು ಅವಳ ಬೆನ್ನ ಮೇಲೆ ಕೈ ಇಟ್ಟು ಕೂತೆ. ಎಮ್ಮೆಯ ಜೋಡಿ ಕೂಡ ನಮ್ಮನ್ನು ನೋಡಿ ದನಿ ಇಳಿಸಿತು.

ಅತ್ತು ಮುಗಿಸಿದ ಮೇಲೆ ಅವಳು ರೊಟ್ಟಿ ಬಿಚ್ಚಿದಳು, ತನ್ನ ತೀರ್ಮಾನವನ್ನೂ ಬಿಚ್ಚಿದಳು. "ತೆಗ್ಗಿ ಡಾಕ್ಟರ ಕಡೆ ಮಾಡಸೋಣು. ಅವರು ಆಪರೇಷನ್ ಮಾಡುವಾಗ ತುಟಿ ಬಿಚ್ಚೂದಿಲ್ಲ. ಆ ಬೆಣ್ಣೂರ ಡಾಕ್ಟರಬಾಯಿಯವರದು ಬಾಯಿ ನಿಲ್ಲೂದಿಲ್ಲ. ನಿಮ್ಮ ಒಳಗಿಂದು ಹೊರಗಿಂದು ಎಲ್ಲಾ ಸಂಜೀಕ ಊರ ತುಂಬ ಬರತೈತಿ. ನಾನು ನಾಳೆ ನೀರಿಗೆ ಹೋಗೂದು ಹ್ಯಾಂಗ?"

ನನಗೂ ಅದೇ ಸರಿ ಅನ್ನಿಸಿತ್ತು. ಡಾಕ್ಟರ್ ತೆಗ್ಗಿಯವರು ನಮ್ಮೂರಿನಲ್ಲಿ ದೊಡ್ಡ ಹೆಸರು. ಅವರ ಆಪರೇಷನ್ ಕೋಣೆಯಿಂದ ಸಂಜೆಗೆ ಒಂದು ಮಾತೂ ಬರುವುದಿಲ್ಲ. ತಮ್ಮ ನರ್ಸುಗಳಿಗೆಲ್ಲ ಕೈಸನ್ನೆ ಕಲಿಸಿಟ್ಟಿದ್ದಾರೆ. ಅವರಲ್ಲಿಗೆ ಹೋದಾಗ ನಗುತ್ತ ಪಾಟಿ ಮುಂದಿಟ್ಟರು. ನಾನು ಬರೆದೆ, ಅವರು ಮುತ್ತಿನಂಥ ಅಕ್ಷರದಲ್ಲಿ ಉತ್ತರ ಬರೆದರು. ಎಷ್ಟು ಆಪರೇಷನ್ ಮಾಡಿದ್ದಾರೆ, ಆಮೇಲೆ ಎಷ್ಟು ದಿನ ಮೂತ್ರದ ನಳಿಗೆ ಇರುತ್ತದೆ, ಯಾವಾಗ ಓಡಾಡಬಹುದು, ಎಲ್ಲಕ್ಕೂ ಸರಿಯಾದ ಉತ್ತರವೇ. 'ದಸರೆಯ ಮುಂಚೆಯೇ ದಿನ ಕೊಡುತ್ತೇನೆ' ಎಂದೂ ಬರೆದರು. ಕೊನೆಗೆ ನಾನು 'ಆಪರೇಷನ್ನಿನಲ್ಲಿ ಎಂದಾದರೂ ಏನಾದರೂ ತಪ್ಪಾಗಿದೆಯೇ?' ಎಂದು ಬರೆದೆ. ಅವರು ಬಳಪ ಹಿಡಿದು ಸ್ವಲ್ಪ ಯೋಚಿಸಿ, 'ಎಲ್ಲರಿಗೂ ಆಗುತ್ತದೆ' ಎಂದು ಬರೆದು ತಕ್ಷಣ ಒರೆಸಿದರು. ಒಳ್ಳೆಯ ಮನುಷ್ಯ ಎನ್ನಿಸಿತು. ಹಾಗಂದುಕೊಂಡೇ ಮನೆಗೆ ಬಂದೆ.

ಆ ಶುಕ್ರವಾರ ಸಂಜೆ ನಾನು ಕಟ್ಟೆಯ ಮೇಲೆ ಕೂತಿದ್ದೆ. ಅಮಾವಾಸ್ಯೆ ಬಿಟ್ಟರೆ ಮಂಗಳವಾರ, ಶುಕ್ರವಾರ ಬೆಣ್ಣೂರ ಡಾಕ್ಟರ ಆಪರೇಷನ್ ದಿನ. ಎಷ್ಟೋ ವರ್ಷದಿಂದ ಅವರ ದನಿ ಗಾಳಿಯಲ್ಲಿ ಬರುತ್ತಿತ್ತು, ನಾವು ಅದು ನಮಗಲ್ಲ ಎಂಬಂತೆ ಕಿವಿ ತಿರುಗಿಸಿಕೊಂಡು ಬಿಡುತ್ತಿದ್ದೆವು. ಅವತ್ತು ಮೊದಲ ಸಲ ಕಿವಿಗೊಟ್ಟು ಕೇಳಿದೆ. ಅವರು ಯಾರ ಹೆಸರನ್ನೂ ಹೇಳುವುದಿಲ್ಲ. ಆದರೆ ಕೈಯಲ್ಲಿ ಏನು ಮಾಡುತ್ತಾರೋ ಅದನ್ನೆಲ್ಲ ಜೊತೆಗಿದ್ದವರಿಗೆ ಹೇಳುತ್ತ ಹೋಗುತ್ತಾರೆ. "ಇದು ನರ. ಕೂದಲಿನಂಗ ಐತಿ ನೋಡು. ಇದನ್ನ ಉಳಿಸಿದ್ರ ಇವರಿಗೆ ಮುಂದ ಸುಖ. ಹಗೂರ, ಹಗೂರ. ನಮಗೇನು ಬಸ್ಸು ಹಿಡಿಯೋದೈತೇನು?" ಎಂದರು. ಸ್ವಲ್ಪ ಹೊತ್ತಿನ ಮೇಲೆ ಅದೇ ದನಿ, "ತಡೀರಿ. ನನ್ನ ಕೈ ತಪ್ಪಿತು. ರಕ್ತ ಬರಾಕತ್ತೈತಿ. ಒತ್ತಿ ಹಿಡಿ, ಬಿಡಬ್ಯಾಡ" ಎಂದಿತು.

ಒಳಗೆ ಶಿವಲೀಲಾ ಒನಕೆಯಿಂದ ಖಾರ ಕುಟ್ಟುವುದನ್ನು ಜೋರು ಮಾಡಿದಳು. ನಾನು ಎದ್ದು ನಿಂತೇಬಿಟ್ಟಿದ್ದೆ. "ಹಾಂ, ನಿಂತೈತಿ. ಯಾಕ ಹಿಂಗಾತು ಅಂದ್ರ, ನಾನು ಆ ಕಡೆಯಿಂದ ಬರಬೇಕಾಗಿತ್ತು, ಈ ಕಡೆಯಿಂದ ಬಂದೆ. ನೀ ಮುಂದ ಮಾಡುವಾಗ ನೆನಪಿಟ್ಕೋ" ಎಂದಿತು ಆ ದನಿ. ಆಮೇಲೆ ಮೊದಲಿನಂತೆಯೇ ಹಗೂರ ಹಗೂರ ಎನ್ನುತ್ತ ಮುಂದಕ್ಕೆ ಹೋಯಿತು.

ಊರಿನವರು ಅವರಿಗೆ ಹೆದರುತ್ತಿದ್ದದ್ದು ಇದಕ್ಕೇ. ತಪ್ಪಿತು ಎಂದು ತಾನೇ ಹೇಳುವ ಡಾಕ್ಟರ ಕೈಗೆ ಮೈ ಕೊಡುವುದು ಹೇಗೆ ಎಂದು. ನನಗೆ ಮಾತ್ರ ಆ ಸಂಜೆ ಬೇರೆಯದೇ ಅನ್ನಿಸಿತು. ದನದ ಸಂತೆಯಲ್ಲಿ ಟವೆಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ಮಾಡುತ್ತಾರೆ. ಅಲ್ಲಿಯೂ ಪ್ರಾಮಾಣಿಕರು ಇದ್ದಾರೆ, ಇಲ್ಲವೆನ್ನುವುದಿಲ್ಲ. ಆದರೆ ನಾನು ಜೀವನವಿಡೀ ಎಲ್ಲರಿಗೂ ಕೇಳುವಂತೆ ಕೂಗಿದವನು. ರಕ್ತ ಬಂತು ಎಂಬುದನ್ನೂ ಕೇಳಿದ್ದೆ, ನಿಂತಿತು ಎಂಬುದನ್ನೂ ಕೇಳಿದ್ದೆ. ತೆಗ್ಗಿಯವರಲ್ಲಿ ಎರಡೂ ಕೇಳಿರಲಿಲ್ಲ.

ಸೋಮವಾರ ಒಬ್ಬನೇ ಬೆಣ್ಣೂರ ಡಾಕ್ಟರಲ್ಲಿಗೆ ಹೋದೆ. ಗಿಡ್ಡನೆಯ ಹೆಂಗಸು, ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡು ಅದನ್ನೇ ಮೇಜಿನ ಮೇಲೆ ಹುಡುಕುತ್ತಿದ್ದರು. ನಾನು ಪಾಟಿಗಾಗಿ ಕಣ್ಣಾಡಿಸಿದೆ. ಇರಲಿಲ್ಲ.

"ಬಾಯಿ ಐತಲ್ರಿ, ಮಾತಾಡ್ರಿ" ಎಂದರು. "ಅದೂ ನಿಮ್ಮಂಥ ಬಾಯಿ."

ನಾನು ಗಂಟಲು ಸರಿಮಾಡಿಕೊಂಡು ಶುಕ್ರವಾರದ ರಕ್ತದ ವಿಷಯ ಕೇಳಿದೆ. ಗಾಳಿಯಲ್ಲಿ ಕೇಳಿದ್ದನ್ನು ನಾನು ಇನ್ನೊಬ್ಬರ ಮುಂದೆ ಎತ್ತಿದ್ದು ಅದೇ ಮೊದಲು. ಅವರು ಬೇಸರ ಮಾಡಿಕೊಳ್ಳಲಿಲ್ಲ. "ಹೌದು, ಬಂತು. ಆಗೊಮ್ಮೆ ಈಗೊಮ್ಮೆ ಬರತೈತಿ. ಅಲ್ಲಿ ನಾವು ನಾಲ್ಕು ಮಂದಿ ನಿಂತಿರತೀವಿ. ನಾನು ಬಾಯಿಬಿಟ್ಟು ಹೇಳಲಿಲ್ಲ ಅಂದ್ರ ಉಳಿದ ಮೂರು ಮಂದೀ ಕೈ ನೆರವಿಗೆ ಹ್ಯಾಂಗ ಬರಬೇಕು? ಆ ಮನಶಾ ಇವತ್ತು ಮುಂಜಾನೆ ಎದ್ದು ಚಹಾ ಕುಡದಾನ" ಎಂದರು.

ನಾನು ಎರಡನೆಯದನ್ನು ಕೇಳಿದೆ. "ಡಾಕ್ಟರ, ನಂದು ಕೂಗೋ ಉದ್ಯೋಗ. ಆಮ್ಯಾಲ ಕೂಗಾಕ ಬರತೈತೇನ್ರಿ?"

"ಗಂಟಲಿಗೇನೂ ಆಗೂದಿಲ್ಲ. ಆದ್ರ ಮೊದಲ ಕೆಲವು ತಿಂಗಳು ಕೂಗಿದ್ರ, ಕೆಮ್ಮಿದ್ರ, ನಕ್ಕರ ಮೂತ್ರ ಹನಿ ಹನಿ ಬೀಳತೈತಿ. ವ್ಯಾಯಾಮ ಹೇಳಿಕೊಡತೀನಿ, ಮಾಡಿದ್ರ ಭಾಳ ಮಂದಿಗೆ ನಿಂತುಬಿಡತೈತಿ. ಎಲ್ಲಾರಿಗೂ ಪೂರಾ ನಿಲ್ಲತೈತಿ ಅಂತ ಮಾತು ಕೊಡಾಕ ಬರೂದಿಲ್ಲ."

ಅವರು ಹೀಗೆ ನೇರವಾಗಿ ಹೇಳುತ್ತಿದ್ದದ್ದಕ್ಕೋ ಏನೋ ನನ್ನ ಸಂಕೋಚ ಹೋಯಿತು. ಪೇಟೆಯಲ್ಲಿ ನಿಂತಿದ್ದೇನೆ ಎನ್ನುವಷ್ಟು ಧೈರ್ಯ ಬಂದು ಮೂರನೆಯದನ್ನೂ ಕೇಳಿದೆ. "ಮತ್ತ ಡಾಕ್ಟರ, ಈ ಆಪರೇಷನ್ ಆದಮ್ಯಾಲ ಗಂಡ ಹೆಂಡತಿ ಸಂಬಂಧ? ಅದು ಇರತೈತೋ ಹೋಗತೈತೋ?"

"ಎರಡೂ ಕಡಿ ನರ ಉಳಿದ್ರ ವರ್ಷ ಒಂದೂವರೆ ವರ್ಷದಾಗ ತಿರುಗಿ ಬರಬಹುದು. ಔಷಧನೂ ಅದಾವು. ಬರದೇನೂ ಇರಬಹುದು. ಇದು ನಿಮ್ಮ ಒಬ್ಬರ ಪ್ರಶ್ನೆ ಅಲ್ಲರಿ, ಮುಂದಿನ ಸಲ ಮನಿಯವರನ್ನ ಕರಕೊಂಡು ಬರ್ರಿ" ಎಂದು ಅವರು ಕೊನೆಗೂ ತಲೆಯ ಮೇಲಿನ ಕನ್ನಡಕ ಇಳಿಸಿಕೊಂಡರು.

ಹಗುರಾಗಿ ಹೊರಗೆ ಬಂದೆ. ಬೀದಿಗಿಳಿದು ಅರ್ಧ ದಾರಿ ನಡೆದ ಮೇಲೆ ಕಾಲು ನಿಂತವು. ಅಷ್ಟನ್ನೂ ನಾನು ಬಾಯಿಂದಲೇ ಕೇಳಿದ್ದೆ. ಅದೂ ಸವಾಲಿನ ದನಿಯಲ್ಲಿ.

ಸಂಜೆ ಶಿವಲೀಲಾ ರೊಟ್ಟಿ ಬಡಿಯುತ್ತಿದ್ದಳು. ಅವಳಿಗೆ ಮೊದಲೇ ಹೇಳಬೇಕೆಂದು ಬಾಗಿಲಲ್ಲಿ ನಿಂತು ಬಾಯಿ ತೆರೆಯುವುದರೊಳಗೆ ಗಾಳಿ ಬಂದೇಬಿಟ್ಟಿತು. ಮೊದಲು ಯಾರೋ ಉಳ್ಳಾಗಡ್ಡಿ ಮಾರಿದ್ದು, ಶಾಲೆಯ ಮಗ್ಗಿ, ಆಮೇಲೆ ಊರೇ ನಡುಗುವಂತೆ ನನ್ನ ದನಿ. "ಗಂಡ ಹೆಂಡತಿ ಸಂಬಂಧ? ಅದು ಇರತೈತೋ ಹೋಗತೈತೋ?" ನಮ್ಮ ಓಣಿಯ ಅಷ್ಟೂ ಮನೆಗಳಲ್ಲಿ ಒಮ್ಮೆಲೇ ಪಾತ್ರೆಗಳ ಸಪ್ಪಳ ಶುರುವಾಯಿತು. ತಟ್ಟೆ, ತಂಬಿಗೆ, ಸೌಟು, ಸಿಕ್ಕಿದ್ದನ್ನೆಲ್ಲ ಬಡಿದರು. ಗಡಿಬಿಡಿಯಲ್ಲಿ ಯಾರೋ ತುಂಬಿದ ಕೊಡವನ್ನೇ ಉರುಳಿಸಿದರು. ಶಿವಲೀಲಾ ಸೆರಗಿನಿಂದ ಮುಖ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದಳು. ಭುಜ ಅಲುಗುತ್ತಿದ್ದವು. ಕೆಟ್ಟೆ ಎಂದುಕೊಂಡು ಹತ್ತಿರ ಹೋದರೆ ಅವಳು ನಗುತ್ತಿದ್ದಳು. ಹಂಚಿನ ಮೇಲಿನ ರೊಟ್ಟಿ ಸೀದುಹೋದರೂ ನಗು ನಿಲ್ಲಲಿಲ್ಲ. "ಈ ವಯಸ್ಸಿನಾಗ ಇಷ್ಟು ಕಾಳಜಿನ್ರಿ ನಿಮಗ!" ಎಂದಳು.

ಮರುದಿನ ಪೇಟೆಗೆ ಹೋಗಲು ನನಗೆ ಮುಖವಿರಲಿಲ್ಲ. ಅಂಗಿ ಹಾಕಿಕೊಂಡು, ಮತ್ತೆ ಬಿಚ್ಚಿ, ಸುಮ್ಮನೆ ಕೂತಿದ್ದೆ. ಆಗ ದಸ್ತಗೀರ ಬಂದ. ದಸ್ತಗೀರ ನಮ್ಮ ಓಣಿಯ ಟೇಲರ್, ನನಗಿಂತ ನಾಲ್ಕು ವರ್ಷ ಚಿಕ್ಕವನು. ಕೂರು ಎನ್ನುವುದಕ್ಕೂ ಮೊದಲೇ ಕೂತು, "ಗುರುಸಿದ್ದಣ್ಣ, ನಿನ್ನೆ ಗಾಳ್ಯಾಗ ಕೇಳಿದೆ" ಎಂದ.

ಶಿವಲೀಲಾ ಚಹಾದ ಲೋಟ ಹಿಡಿದು ಅಲ್ಲೇ ನಿಂತಳು. ನಮ್ಮ ಅಂಗಳದಲ್ಲಿ ಆ ಮಾತನ್ನು ಇದುವರೆಗೆ ಯಾರೂ ಆಡಿರಲಿಲ್ಲ.

"ಹಿಂದ ಒಮ್ಮೆ ಉರುಸಿಗೆ ಹೋಗಿ ಬಂದೆ ಅಂತ ಹೇಳಿದ್ದೆ ನೆನಪೈತೇನು? ಹೋಗಿರಲಿಲ್ಲ. ನಿನಗ ಬಂದದ್ದ ನನಗೂ ಬಂದಿತ್ತು. ಅಮಾಶಿ ದಿವಸ ಬೆಣ್ಣೂರ ಅಮ್ಮಾರ ಕಡೆ ಆಪರೇಷನ್ ಮಾಡಿಸಿಕೊಂಡು ಸುಮ್ಮನ ಮನ್ಯಾಗ ಬಿದ್ದಿದ್ದೆ." ಅವನು ಚಹಾ ತೆಗೆದುಕೊಂಡು ಊದಿದ. "ಆ ಅಮಾಶಿ ಪಾಳಿ ಬರೋತನಕ ಎಂಟು ತಿಂಗಳು ಕಾದೆ ಅಣ್ಣ. ಹೊಟ್ಟ್ಯಾಗ ಅದನ್ನ ಇಟ್ಟುಕೊಂಡು ಮಂದೀ ಅಂಗಿ ಹೊಲಿದೆ. ಆ ಎಂಟು ತಿಂಗಳು ಹ್ಯಾಂಗ ಕಳದೆ ಅಂತ ನನಗ ಗೊತ್ತು, ಅಲ್ಲಾಗ ಗೊತ್ತು. ನೀ ಮಾತ್ರ ಕಾಯಬ್ಯಾಡ."

"ಈಗ ಹ್ಯಾಂಗದೀಯೋ?" ಎಂದು ಕೇಳಿದೆ.

"ಚೊಲೋ ಅದೀನಿ. ಆರು ತಿಂಗಳು ಚಡ್ಡಿ ಒದ್ದಿ ಆಗತಿತ್ತು. ಅದಕ್ಕಂತ ನಾನ ಒಂದು ನಮೂನಿ ಚಡ್ಡಿ ಹೊಲಕೊಂಡೀನಿ, ಒಳಗ ಪ್ಯಾಡ್ ಇಡಾಕ ಕಿಸೆ ಇರತೈತಿ. ನಿನ್ನ ಅಳತಿ ತಗೊಂಡು ಹೋಗೋಣು ಅಂತ ಬಂದೆ." ಕೊರಳಲ್ಲಿದ್ದ ಟೇಪು ತೆಗೆದು ಅಲ್ಲೇ ನನ್ನ ಸೊಂಟದ ಅಳತೆ ತೆಗೆದುಕೊಂಡ.

ಅವನು ಹೋದ ಮೇಲೆ ನಿವೃತ್ತ ಹೆಡ್‌ಮಾಸ್ತರರು ಬಂದರು. ಮಧ್ಯಾಹ್ನ ಹನುಮಂತದೇವರ ಗುಡಿಯ ಪೂಜಾರರು ಬಂದರು. ಅವರೂ ಒಂದೊಂದು ಅಮಾವಾಸ್ಯೆಗೆ ಗುಟ್ಟಾಗಿ ಮಾಡಿಸಿಕೊಂಡವರೇ. ಒಬ್ಬೊಬ್ಬರೂ ಬಾಗಿಲಲ್ಲಿ ನಿಂತು, ಆಚೀಚೆ ನೋಡಿ, "ನಿನ್ನೆ ಕೇಳಿದೆ" ಎಂದು ಶುರು ಮಾಡುತ್ತಿದ್ದರು. ಇಷ್ಟು ವರ್ಷ ಒಂದೇ ಓಣಿಯಲ್ಲಿ ಒಬ್ಬರನ್ನೊಬ್ಬರು ದಾಟಿಕೊಂಡು ಓಡಾಡಿದ್ದೆವು, ಯಾರಿಗೂ ಯಾರ ವಿಷಯವೂ ಗೊತ್ತಿರಲಿಲ್ಲ. ಶಿವಲೀಲಾ ಇಡೀ ದಿನ ಚಹಾ ಮಾಡಿದಳು. ಸಂಜೆಗೆ ಹಾಲು ತೀರಿದಾಗ, "ನಾಳೆ ನಾನೂ ಬರತೀನಿ ಡಾಕ್ಟರ ಕಡೆ" ಎಂದಳು.

ಬೆಣ್ಣೂರ ಡಾಕ್ಟರು ಗೋಡೆಯ ಮೇಲಿನ ಕ್ಯಾಲೆಂಡರ್ ಇಳಿಸಿ ಮೇಜಿನ ಮೇಲೆ ಹರಡಿದರು. ಬಯಾಪ್ಸಿಯ ಗಾಯ ಮಾಯಲು ಇನ್ನೂ ಕೆಲವು ವಾರ ಬೇಕು, ಆಮೇಲೆ ಯಾವಾಗಲಾದರೂ ಮಾಡಬಹುದು ಎಂದರು. ಅಮಾವಾಸ್ಯೆಗಳೆಲ್ಲ ಮುಂದಿನ ಶ್ರಾವಣದವರೆಗೆ ತುಂಬಿಹೋಗಿದ್ದವು. ನನ್ನ ಮನಸ್ಸಿನಲ್ಲಿ ಬೇರೆಯದೇ ಲೆಕ್ಕವಿತ್ತು. ದೀಪಾವಳಿಯಿಂದ ಬೆಲ್ಲದ ಹಂಗಾಮು ಜೋರಾಗುತ್ತದೆ, ಶಿವರಾತ್ರಿಯತನಕ ಉಸಿರಾಡಲೂ ಬಿಡುವಿರುವುದಿಲ್ಲ. "ಹಂಗಾಮು ಮುಗಿಸಿ ಮಾಡಿಸಿಕೊಂಡ್ರ ಹ್ಯಾಂಗರಿ?" ಎಂದೆ.

"ತಿಂಗಳೊಪ್ಪತ್ತು ಹಿಂದ ಮುಂದ ಆದ್ರ ಅಡ್ಡಿಯಿಲ್ಲ. ಅಷ್ಟು ದಿವಸ ಕುಂಡರಿಸಿಕೊಳ್ಳೋ ಗಡ್ಡಿ ಅಲ್ಲ ಇದು. ಅಮಾಶಿ ಬೇಕಂದ್ರ ಹತ್ತು ತಿಂಗಳು, ಅದಂತೂ ಬ್ಯಾಡ. ಗುಟ್ಟಾಗಿ ಬೇಗ ಆಗಬೇಕಂದ್ರ ತೆಗ್ಗಿಯವರು ಮಾಡತಾರ, ಅವರ ಕೈ ಚೊಲೋ ಐತಿ, ನಾನ ಹೇಳತೀನಿ. ನನ್ನ ಕಡೆ ಆದ್ರ ದಸರಾ ಆದ ಮರು ಮಂಗಳವಾರ ಖಾಲಿ ಐತಿ. ಅವತ್ತು ಗಾಳಿ ಬರತೈತಿ, ನಾ ಬಾಯಿ ಮುಚ್ಚೂದಿಲ್ಲ. ಇಬ್ಬರೂ ಯೋಚನೆ ಮಾಡ್ರಿ" ಎಂದು ಡಾಕ್ಟರು ಕೈ ಕಟ್ಟಿಕೊಂಡು ಕೂತರು.

ನಾನು ಶಿವಲೀಲಾಳ ಮುಖ ನೋಡಿದೆ. ಅವಳು ಕ್ಯಾಲೆಂಡರಿನ ಮಂಗಳವಾರದ ಮೇಲೆ ಬೆರಳಿಟ್ಟಳು. "ಗಾಳಿ ಬರೋ ದಿನಾನ ಇರಲಿ ಬಿಡ್ರಿ" ಎಂದಳು. "ಊರ ಮಂದಿ ಕೇಳಿದ್ರ ಕೇಳಲಿ. ನನಗ ಈ ಮನಶಾ ಬೇಕು. ಹನಿ ಬಿದ್ರ ಬಟ್ಟಿ ಒಗೀತೀನಿ. ಮತ್ತೊಂದರ ವಿಷಯ ನಾವಿಬ್ಬರೂ ನೋಡಿಕೋತೀವಿ, ಅದೇನು ದೊಡ್ಡದಲ್ಲ. ಆದ್ರ ನೀವು ಏನು ಮಾಡತೀರೋ ಎಲ್ಲಾ ಬಾಯಿಬಿಟ್ಟು ಹೇಳಿ ಮಾಡ್ರಿ, ನಾ ಕೇಳಬೇಕು."

ಆ ಸಂಜೆ ಅವಳ ಮಾತು ಗಾಳಿಯಲ್ಲಿ ಬಂತು. ನಾವು ಪಾತ್ರೆಗಳ ಸಪ್ಪಳಕ್ಕೆ ಕಾದೆವು. ಒಂದು ಚಮಚವೂ ಸದ್ದು ಮಾಡಲಿಲ್ಲ. ಇಡೀ ಓಣಿ ಸುಮ್ಮನೆ ಕೂತು ಅವಳ ಮಾತನ್ನು ಕೊನೆಯವರೆಗೆ ಕೇಳಿತು.

ತೆಗ್ಗಿಯವರಿಗೆ ಹೇಳದೆ ಬಿಡುವುದು ಸರಿಯಲ್ಲವೆಂದು ಅವರಲ್ಲಿಗೂ ಹೋಗಿ, 'ಬೆಣ್ಣೂರ ಡಾಕ್ಟರಲ್ಲಿ ಮಾಡಿಸಿಕೊಳ್ಳುತ್ತೇನೆ, ತಪ್ಪು ತಿಳಿಯಬಾರದು' ಎಂದು ಪಾಟಿಯ ಮೇಲೆ ಬರೆದೆ. ಅವರು ಓದಿ ನಕ್ಕು, 'ನಮ್ಮ ತಂದೆಯವರಿಗೂ ಅವರೇ ಮಾಡಿದ್ದು' ಎಂದು ಬರೆದರು. ಈ ಸಲ ಒರೆಸಲಿಲ್ಲ.

ಮಂಗಳವಾರ ಬಂತು. ಆಪರೇಷನ್ ಕೋಣೆಯಲ್ಲಿ ಮೇಲಿನ ದೀಪ ನೋಡುತ್ತ ಮಲಗಿದ್ದೆ. ಅರಿವಳಿಕೆ ಕೊಡುವ ಡಾಕ್ಟರು, "ಅಜ್ಜಾರ, ಒಂದು ಎರಡು ಅಂತ ಎಣಿಸ್ರಿ" ಎಂದರು. ಎಣಿಸುವುದೆಂದರೆ ನನಗೆ ಗೊತ್ತಿದ್ದದ್ದು ಒಂದೇ ರೀತಿ. "ಒಂದನೇ ಸಲಾ! ಎರಡನೇ ಸಲಾ!" ಎಂದು ಪೇಟೆಯ ದನಿಯಲ್ಲೇ ಕೂಗಿದೆ. ಸುತ್ತಲೂ ಎಲ್ಲರೂ ನಕ್ಕದ್ದು ಕೇಳಿಸಿತು. ಮೂರನೇ ಸಲಕ್ಕೆ ನಾನು ಇರಲಿಲ್ಲ.

ಕಣ್ಣು ಬಿಟ್ಟಾಗ ಶಿವಲೀಲಾ ಕೈ ಹಿಡಿದುಕೊಂಡು ಕೂತಿದ್ದಳು. "ಮುಗದೈತಿ, ಚೊಲೋ ಆಗೈತಂತ" ಎಂದಳು. ಮತ್ತೆ ಜೋಂಪು, ಮತ್ತೆ ಎಚ್ಚರ. ಹೀಗೆ ಸಂಜೆಯಾಯಿತು. ಕಿಟಕಿಯ ಪರದೆ ಅಲುಗಿತು. ಗಾಳಿ ನನ್ನನ್ನೇ ತಂದಿತು: ಒಂದನೇ ಸಲ, ಎರಡನೇ ಸಲ. ಆಸ್ಪತ್ರೆಯ ಎದುರಿಗೇ ಬೆಲ್ಲದ ಪೇಟೆ. ಅಲ್ಲಿ ಹಮಾಲರು, ವ್ಯಾಪಾರಿಗಳು, ನಮ್ಮ ಓಣಿಯ ಹೆಂಗಸರು, ಎಲ್ಲರೂ ಕಟ್ಟೆಯ ಮೇಲೆ ಕೂತು ಬಹಿರಂಗವಾಗಿ ಕೇಳುತ್ತಿದ್ದಾರೆ ಎಂದು ನರ್ಸು ಬಂದು ಹೇಳಿದಳು.

ಡಾಕ್ಟರ ದನಿ ನನ್ನೊಳಗೆ ಓಡಾಡುತ್ತಿತ್ತು. ನಾನು ಹಾಸಿಗೆಯಲ್ಲಿ ಮಲಗಿ ಕೇಳಿದೆ. "ಬಲಗಡೆ ನರ ಪೂರಾ ಬಂತು. ಶಾಬಾಸ್. ಈಗ ಎಡಕ್ಕ ಬರೋಣು. ತಡೀರಿ. ಇಲ್ಲಿ ಗಡ್ಡಿ ನರಕ್ಕ ಹತ್ತಿ ಕುಂತೈತಿ." ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ. ಪೇಟೆಯ ಕಡೆಯಿಂದಲೂ ಒಂದು ಕೆಮ್ಮಿಲ್ಲ. ಶಿವಲೀಲಾಳ ಹಿಡಿತ ಬಿಗಿಯಾಯಿತು. "ಈ ಕಡೆ ಪೂರಾ ಉಳಿಸಾಕ ಆಗೂದಿಲ್ಲ. ಗಡ್ಡಿ ಬಿಟ್ಟು ನರ ಉಳಿಸೋದು ಬ್ಯಾಡ. ಸ್ವಲ್ಪ ನರ ಹೋಗಲಿ. ತೆಗಿ." ಮತ್ತೆ ಹಗೂರ ಹಗೂರ ಎನ್ನುವುದು, ಹೊಲಿಗೆಯ ಮಾತು, ಕೊನೆಗೆ ಉಸಿರು ಬಿಟ್ಟ ಸದ್ದು. "ಮುಗೀತು. ಸ್ವಚ್ಛ ಬಂದೈತಿ. ಇವರ ಮನಿಯವರು ಹೊರಗ ಕುಂತಿರಬೇಕು, ನಾ ಹೋಗಿ ಹೇಳತೀನಿ."

ಪೇಟೆಯಿಂದ ಎದ್ದ ಕೂಗಿಗೆ ಕಿಟಕಿಯ ಗಾಜು ಅದುರಿತು. ಹಮಾಲರು ಒಂದು ಪೆಂಟೆ ಒಡೆದು ದಾರಿಹೋಕರಿಗೆಲ್ಲ ಬೆಲ್ಲ ಹಂಚಿದರಂತೆ. ನಾನು ಶಿವಲೀಲಾಳನ್ನು ನೋಡಿದೆ. "ಎಡಗಡೀದು ಹೋತಲ್ಲ" ಎಂದೆ. "ಸ್ವಲ್ಪ ಹೋಗೈತಿ, ನೀವು ಪೂರಾ ಉಳದೀರಿ" ಎಂದು ಅವಳು ನನ್ನ ಹಣೆ ಒರೆಸಿದಳು. ಮರುದಿನ ಸಂಜೆಯ ಗಾಳಿ ಆ ಕೂಗನ್ನೆಲ್ಲ ಮತ್ತೊಮ್ಮೆ ತಂದು ಊರಿಗೆ ಕೇಳಿಸಿತು.

ಆಮೇಲಿನ ತಿಂಗಳುಗಳು ಸುಲಭದವೇನೂ ಅಲ್ಲ. ನಳಿಗೆ ತೆಗೆದ ದಿನ ಆಸ್ಪತ್ರೆಯ ಮೆಟ್ಟಿಲಿಳಿಯುವುದರೊಳಗೆ ಬಟ್ಟೆ ಒದ್ದೆಯಾಯಿತು. ಕೂತರೆ ಎದ್ದರೆ ಸೀನಿದರೆ ಹನಿ. ದಸ್ತಗೀರನ ಕಿಸೆಯ ಚಡ್ಡಿಗಳು ಬಂದವು. ಅವನ ಅಂಗಡಿಯಲ್ಲಿ ಮಾಸ್ತರರು, ಪೂಜಾರರು, ನಾನು ಹೊತ್ತಿಗೆ ಸರಿಯಾಗಿ ಸೇರಿ, ಬೆಂಚಿನ ಮೇಲೆ ನೆಟ್ಟಗೆ ಕೂತು, ಮೂತ್ರ ತಡೆಯುವ ಸ್ನಾಯುವನ್ನು ಬಿಗಿ ಹಿಡಿಯುವ ವ್ಯಾಯಾಮ ಮಾಡುತ್ತಿದ್ದೆವು. ಹೊರಗಿನವರಿಗೆ ಮೂರು ಮಂದಿ ಹಿರಿಯರು ಗಂಭೀರವಾಗಿ ಏನೋ ಯೋಚಿಸುತ್ತ ಕೂತಂತೆ ಕಾಣುತ್ತಿತ್ತು. ದಸ್ತಗೀರ ಮಾತ್ರ ಕತ್ತರಿ ಆಡಿಸುತ್ತ ಗಟ್ಟಿಯಾಗಿ, "ಹಿಡೀರಿ... ಬಿಡ್ರಿ... ಮಾಸ್ತರ, ಮುಖ ಬಿಗಿ ಹಿಡಿಯೋದಲ್ಲರಿ" ಎನ್ನುತ್ತಿದ್ದ. ಸಂಜೆ ಅದು ಗಾಳಿಯಲ್ಲಿ ಬರುತ್ತಿತ್ತು. ಓಣಿಯ ಮಕ್ಕಳು ಹಿಡೀರಿ ಬಿಡ್ರಿ ಎಂದು ಕುಣಿಯುತ್ತಿದ್ದವು. ನಾನಿಲ್ಲದ ಪೇಟೆಯಲ್ಲಿ ಅಡತಿ ಅಂಗಡಿಯವರು ಪಾಳಿಯ ಮೇಲೆ ಸವಾಲು ಕೂಗುತ್ತಿದ್ದರು. ಅವರ ಗಂಟಲು ಒಡೆಯುವುದನ್ನು ಕೇಳಿ ನಾನು ಮನೆಯಲ್ಲಿ ಕೂತು ಚಡಪಡಿಸುತ್ತಿದ್ದೆ.

ತೆಗೆದ ಗಡ್ಡೆಯ ರಿಪೋರ್ಟು ಚೆನ್ನಾಗಿ ಬಂತು, ಅಂಚಿನಲ್ಲಿ ಏನೂ ಉಳಿದಿರಲಿಲ್ಲ. ಆಮೇಲಿನ ರಕ್ತ ಪರೀಕ್ಷೆಯ ದಿನ ಬೆಣ್ಣೂರ ಡಾಕ್ಟರು ಕಾಗದ ನೋಡಿ, "ಏನೂ ಕಾಣವಲ್ದು" ಎಂದರು. "ಕನ್ನಡಕ ತಲಿ ಮ್ಯಾಲ ಐತ್ರಿ" ಎಂದಳು ಶಿವಲೀಲಾ. "ಅಯ್ಯ, ಕನ್ನಡಕ ಅಲ್ಲವ್ವ! ರಕ್ತದಾಗ ಕ್ಯಾನ್ಸರಿನ ಗುರುತ ಕಾಣವಲ್ದು. ಅದ ನಮಗ ಬೇಕಾಗಿದ್ದು" ಎಂದು ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಇನ್ನೂ ಕೆಲವು ವರ್ಷ ಆಗಾಗ ರಕ್ತ ಕೊಡಬೇಕು ಎಂದರು. ಅಮಾವಾಸ್ಯೆಯ ಪಾಳಿಯಲ್ಲಿದ್ದ ಇಬ್ಬರು ಬಂದು, ನಮಗೂ ಮಂಗಳವಾರವೇ ಇರಲಿ ಎಂದು ಹೇಳಿ ಹೋದರಂತೆ.

ಸಂಕ್ರಮಣ ಕಳೆದ ಮೇಲೆ ನಾನು ಪೇಟೆಗೆ ಹೋದೆ. ಹಂಗಾಮಿನ ಬೆಲ್ಲ, ಎಳೆಯ ಬಿಸಿಲಿಗೆ ರಾಶಿಗಳೆಲ್ಲ ಬಂಗಾರದ ಬಣ್ಣಕ್ಕಿದ್ದವು. ಸುತ್ತ ಜನ ಸೇರಿತು. ಎಲ್ಲರಿಗೂ ಎಲ್ಲವೂ ಗೊತ್ತಿತ್ತು, ಗೊತ್ತಿಲ್ಲ ಎಂಬಂತೆ ಈಗ ಯಾರೂ ನಟಿಸುತ್ತಿರಲಿಲ್ಲ. "ಹಿಡದು ಕೂಗ್ರಿ ಗುರುಸಿದ್ದಪ್ಪ" ಎಂದ ಒಬ್ಬ ಹಮಾಲ. ನಾನು ಮೊದಲ ರಾಶಿಯ ಮುಂದೆ ನಿಂತು, ಹೊಟ್ಟೆಯ ತಳದಿಂದ ಉಸಿರೆಳೆದು ಕೂಗಿದೆ. ದನಿ ಗೋದಾಮಿನ ತಗಡಿಗೆ ಬಡಿದು ವಾಪಸು ಬಂತು. ಕೆಳಗೆ ಗಮನ ಕೊಟ್ಟೆ. ಒಣಗಿತ್ತು. ಮತ್ತೆ ಕೂಗಿದೆ. ಆಗಲೂ ಒಣಗಿತ್ತು. ಒಂದರ ಹಿಂದೆ ಒಂದು ರಾಶಿ ಮಾರುತ್ತ ಹೋದೆ. ನನ್ನ ಕಾಲು ನನಗೇ ಹಗುರವೆನ್ನಿಸಿತು.

ದಸ್ತಗೀರ ಅಂಗಡಿ ಮುಚ್ಚಿ ನನ್ನನ್ನು ನೋಡಲು ಬಂದು ವ್ಯಾಪಾರಿಗಳ ನಡುವೆ ನಿಂತಿದ್ದ. ದೊಡ್ಡ ರಾಶಿಯೊಂದರ ಸವಾಲು ಏರತೊಡಗಿತು. ನನ್ನ ದನಿ ಏರಿದಂತೆಲ್ಲ ಅವನಿಗೂ ಹುಮ್ಮಸ್ಸು ಏರಿ, ಒಮ್ಮೆಲೇ ಕೈ ಎತ್ತಿ ಎಲ್ಲರಿಗಿಂತ ಹೆಚ್ಚಿನ ದರವೊಂದನ್ನು ಕೂಗಿಬಿಟ್ಟ. ಅವನ ಮೇಲೆ ಏರಿಸುವವರು ಯಾರೂ ಇರಲಿಲ್ಲ. ನಾನು ನಿಯಮದಂತೆ ಸವಾಲು ಮುಗಿಸಿ, "ದಸ್ತಗೀರ ಟೇಲರ್!" ಎಂದು ಕೂಗಿದೆ. ಹಮಾಲರು ಪೆಂಟೆ ಹೊತ್ತು, "ಎಲ್ಲಿ ಇಳಿಸೋಣ್ರಿ, ಹೊಲಿಗಿ ಮಿಷನ್ ಮ್ಯಾಲೇನು?" ಎಂದರು.

"ಏ, ನಿಂದರ್ರೋ! ಗುರುಸಿದ್ದಣ್ಣ, ಹಿಂದಕ್ಕ ತಗೋ ಮಾರಾಯಾ! ಇಷ್ಟು ಬೆಲ್ಲ ತಗೊಂಡು ನಾ ಏನು ಚಡ್ಡಿ ಹೊಲೀಲೇನು?" ಎಂದು ದಸ್ತಗೀರ ಪೆಂಟೆಯ ಹಿಂದೆ ಓಡಿದ.

ಪೇಟೆಗೆ ಪೇಟೆಯೇ ನಕ್ಕಿತು. ನಾನು ಮೊಣಕಾಲು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಹನಿ ಬಿದ್ದವು. ಗೊತ್ತಾಯಿತು. ಬೀಳಲಿ ಎಂದುಕೊಂಡು, ಇನ್ನೂ ನಗುತ್ತಲೇ, ಮುಂದಿನ ರಾಶಿಯ ಕಡೆ ನಡೆದೆ.